ಪಟ್ಟಿ

ಹಳೇ ನೋಟಬುಕ್ಕಿನ ಕೊನೇ ಹಾಳಿಯಾಗ ಇನ್ನೂ ಐತಿ ಲೆಕ್ಕ:
ಬಸ್ಸು, ಎಂಟು ಮಂದಿಗೆ, ಹೋಗಿ ಬರಲಿಕ್ಕೆ.
ಕೋಣೆ ಮೂರು. ಒಂದಕ್ಕ ಚಿಲಕ ಇರಲಿಲ್ಲ,
ಅದಕ್ಕ ಇಪ್ಪತ್ತು ಕಡಿಮಿ.
ಬಿದಿರಿನ ಕೊಳವ್ಯಾಗ ಬೇಯಿಸಿದ ಅನ್ನ, ಹನ್ನೊಂದು,
ಓವೆನ್ ಒಬ್ಬನ ಮೂರು ತಿಂದ.
ಪಟ್ಟಿ ಎತ್ತೂ ಕೆಲಸ ನನಗ ಬಂತು.
ಬೆಟಗೇರಿಯವರು ನಾವು,
ನೂಲಿನ ಲೆಕ್ಕ ಇಟ್ಟ ಮನಿ.

ಅಲ್ಲಿನ ಹುಡುಗರ ಬಾಯಾಗ ಶಾಂಭವಿ ತಿರುಗಲಿಲ್ಲ,
ಶಾನ್ ಅಷ್ಟ ಉಳೀತು.
ಗಣಿತ ಹೇಳೋ ಮಿಸ್ ಥಾನ್ ನಕ್ಕಳು:
ನಮ್ಮ ಭಾಷೆಯಾಗ ಶಾನ್ ಅಂದರ ಗುಡ್ಡ.
ಎರಿಮಣ್ಣಿನ ಬಯಲಾಗ ಹುಟ್ಟಿ
ಮಳಿ ಬಂದರ ಚಪ್ಪಲಿ ಕೈಯಾಗ ಹಿಡದು ನಡದಾಕಿ,
ನಾನು ಗುಡ್ಡ.

ಆ ಶನಿವಾರ ಹೊಂಟದ್ದೂ ಗುಡ್ಡಕ್ಕ.
ಮುಗಿಲತನಕ ಮೆಟ್ಟಿಲು ಮೆಟ್ಟಿಲು ಭತ್ತದ ಗದ್ದಿ,
ಕ್ಯಾಲೆಂಡರಿನಾಗ ನೋಡಿದ್ದೆವು.
ಹೋಗಿ ನಿಂತರ ಮಂಜು.
ಮರುದಿನ, ಮತ್ತ ಮಂಜು.
ಥಾಂಡೆಕಾ ಕೈ ಚಾಚಿ ತಡಕಾಡಿ
"ಇಲ್ಲೇ ಎಲ್ಲೋ ಇರಬೇಕು ಭತ್ತ" ಅಂದಳು.
ಮಾರಿಸೆಲ್ ಬರೇ ಬಿಳೀದರ ಫೋಟೋ ತೆಗದು
ಸೆಬುವಿನ ತಾಯಿಗೆ ಕಳಿಸಿದಳು.

ಒಳಗ ಒಲಿ ಮುಂದ ಮನಿಯೊಡತಿ ಶೇಂಗಾ ಸುಲಿಯಾಕತ್ತಿದ್ದಳು.
ಮಾತು ಬರದಾಕಿ ನಾನೂ ಹೋಗಿ ಕುಂತೆ.
ಹೆಬ್ಬೆಟ್ಟು ಒತ್ತಿ, ಟಪ್,
ಸಿಪ್ಪಿ ಈ ಕಡೆ, ಕಾಳು ಆ ಕಡೆ.
ಆಕಿ ನನ್ನ ಬೆರಳು ನೋಡಿದಳು, ನಾನು ಆಕಿಯವು.
ಎರಡು ವರ್ಷ ಇದ್ದೆ ಆ ದೇಶದಾಗ.
ಯಾರೂ ತಿದ್ದದಂಥಾ ಮಾತು
ನಾನು ಆಡಿದ್ದು ಅದೊಂದ.

ಇಳಿಯುವಾಗ ಮಳಿ. ಮಿಸ್ ಥಾನ್ ರೇನ್‌ಕೋಟು ಕೊಡಿಸಿದಳು,
ಹಳದಿ, ಪರಪರ ಅನ್ನೋ ಪ್ಲಾಸ್ಟಿಕ್ಕು.
ಹಾಳಿಯ ಕೆಳಗ ಗೆರಿ ಎಳದು ಬರದದ್ದು:
ಥಾನ್‌ಗೆ ಕೊಡಬೇಕು, ಹದಿನೆಂಟು.
ಪರೀಕ್ಷಾ ಬಂದವು, ಆಕಿ ಬ್ಯಾರೆ ಊರಿನ ಶಾಲಿಗೆ ಹೋದಳು,
ನನ್ನ ವೀಸಾ ಮುಗೀತು.

ಇವತ್ತೂ ಶನಿವಾರ.
ಅರ್ಧಾ ಶಾಲಿ ಮುಗಿಸಿ ಏಳು ಮಂದಿ ಟೀಚರು
ಒಂದ ಟಂಟಂನಾಗ ಲಕ್ಕುಂಡಿಗೆ.
ಡ್ರಿಲ್ ಮಾಸ್ತರ ಹಡಪದ ಡ್ರೈವರನ ಬಾಜೂಕ,
ಅರ್ಧಾ ಹೊರಗ.
ಪಟ್ಟಿ ಮತ್ತ ನನ್ನ ಕೈಯಾಗ.

ಅಲ್ಲಿ ಕಾಣದ ಮೆಟ್ಟಿಲು
ಇಲ್ಲಿ ತಲಿಕೆಳಗಾಗಿ ಬಾವಿಯೊಳಗ ಇಳದಿದ್ದವು.
ವಿಜ್ಞಾನದ ಹೊಸ ಟೀಚರು ಚುಂಬೆನಿ, ವೋಖಾದಾಕಿ,
ಸರಸರ ಇಳದು ನೀರಿನ ಅಂಚಿಗೆ ನಿಂತು
ತನ್ನ ಮನಿಮಾತಿನಾಗ ಏನೋ ಕೂಗಿದಳು.
ಬಾವಿ ತಿರುಗಿ ಹೇಳಿತು,
ಒಂದಕ್ಷರ ತಪ್ಪಿಲ್ಲದ.

ಬಜಿ ಅಂಗಡಿಯಾಂವ ಬದನಿಕಾಯಿ ಸೀಳಿ ಖಾರ ತುಂಬಾಕತ್ತಿದ್ದ.
"ಅಕ್ಕಾರ, ನಿಮ್ಮ ಚೀನಾ ಟೀಚರಿಗೆ ಖಾರ ನಡೀತೈತೇನ್ರಿ?"
ಎಣ್ಣಿ ಸುಂಯ್ ಅಂತು.
ಹಡಪದ ನಕ್ಕ. ನಕ್ಕದ್ದು ತಿಳದು ಮೀಸಿ ಒರಸಿಕೊಂಡ.
"ಆಕಿ ನಾಗಾಲ್ಯಾಂಡಿನಾಕಿ ಯಪ್ಪಾ,
ಚೀನಾದಾಗ ಇದ್ದು ಬಂದಾಕಿ ನಾನು."
ಆಂವ ನನ್ನ ಮಾರಿ ನೋಡಿದ, ಕುಂಕುಮ ನೋಡಿದ,
ಇಳಕಲ್ಲ ಸೀರಿಯ ದಡಿ ನೋಡಿದ.
"ಚ್ಯಾಷ್ಟಿ ಮಾಡಬ್ಯಾಡ್ರಿ" ಅಂದ.

ಅಷ್ಟರೊಳಗ ಚುಂಬೆನಿ ಮೂರನೇದು ಮುಗಿಸಿ
ತಾಟಿನ ಅಂಚಿನ ಹಸಿಮೆಣಸಿನಕಾಯಿ ಕಡದು
"ಸಪ್ಪಗ ಐತಿ" ಅಂದಳು.
ಗದಗಿಗೆ ಬಂದು ಆಕಿ ಕಲಿತ
ಮೊದಲನೇ ಬೈಗುಳ.

ಆಕಿಯ ಪಾಲು ಅರವತ್ತು, ನಾನ ಕೊಟ್ಟೆ,
ಎಲ್ಲೋ ಒಂದು ಕಡೆ ಆ ಹದಿನೆಂಟು ತೀರಲಿ ಅಂತ.
ಊರು ಮುಟ್ಟೂ ಮೊದಲ ಫೋನು ಟಿಣ್ ಅಂತು:
ಅರವತ್ತು ಜಮಾ.
"ಸಾಲ ಆಗಿಬರೂದಿಲ್ಲ ನನಗ" ಅಂದು
ಆ ಕಡೆ ಮಾರಿ ಮಾಡಿ ಕುಂತಳು.
ಹದಿನೆಂಟು ಹಂಗ ಐತಿ.

ಹೊರಗ ಕಡ್ಲಿಹೊಲ. ಅದರಾಚೆ ಕಪ್ಪತಗುಡ್ಡ,
ಪೂರಾ ಕಾಣಾಕತ್ತಿತ್ತು, ಒಂದೆಳಿ ಮಂಜಿಲ್ಲದ.
ತೋರಿಸಿ "ಶಾನ್" ಅಂದೆ.
"ಏನದು?" ಅಂದಳು.
ಹೇಳೂದರೊಳಗ ಕುರಿಹಿಂಡು ಅಡ್ಡ ಬಂತು.
ಡ್ರೈವರ ಹಾರನ್ ಒತ್ತಿ ಹಿಡದಾಂವ
ಬಿಡವಲ್ಲ.