ದಂಡ

ಗುಳೇದಗುಡ್ಡದ ಲೈಬ್ರರಿಗೆ
ಇಪ್ಪತ್ತಾರು ದಿನ ತಡಮಾಡಿ ಬಂದ ಶಾಂತವ್ವ ರಂಜಣಗಿ
ಕಾದಂಬರಿಯನ್ನು ಮೇಜಿನ ಮೇಲೆ ಕುಕ್ಕಿದಳು:
"ಏನ್ ಹೆಂಗಸ್ರೀ ಇಕಿ!
ಖಾಸಾ ತಂಗೀ ಬೋರಮಾಳ ಕದ್ದು
ಆಳಿನ ಮ್ಯಾಲ ಹಾಕ್ತಾಳ.
ನಮ್ಮ ಓಣ್ಯಾಗಿದ್ರ
ಒಂದ್ ತಂಬಿಗಿ ನೀರೂ ಕೊಡ್ತಿದ್ದಿಲ್ಲ ನಾ."

ದಂಡ ಹದಿಮೂರು ರೂಪಾಯಿ.
ತಕರಾರಿಲ್ಲದೆ ಎಣಿಸಿಟ್ಟಳು.

ಹರಿದಿದೆಯೋ ಏನೋ ಎಂದು ಹಾಳೆ ತಿರುವಿದೆ.
ತಂಗಿ ಅಳುವಲ್ಲಿ ಏನೂ ಇಲ್ಲ,
ಆಳು ಊರು ಬಿಡುವಲ್ಲೂ.
ಕದ್ದವಳು ನಡುರಾತ್ರಿ ಒಬ್ಬಳೇ
ಕನ್ನಡಿ ಮುಂದೆ ಸರ ಹಾಕಿಕೊಳ್ಳುವ ಪುಟದಲ್ಲಿ
ಖಣದ ಕೆಂಪು ಎಳೆಯೊಂದು,
ಅಂಚಿಗೆಲ್ಲ
ಜೋಳದ ಹಿಟ್ಟಿನ ಹೆಬ್ಬೆರಳು.

ಚಪ್ಪಲಿ ಮೆಟ್ಟಿದವಳು
ಮತ್ತೆ ಬಿಟ್ಟು ಒಳಬಂದಳು, ದನಿ ತಗ್ಗಿಸಿ:
"ಬರೇ ಮಾತಿಗೆ ಕೇಳ್ತೀನ್ರಿ...
ಆ ಸರ
ಆಕಿಗೇ ಒಪ್ತಿತ್ತು, ಹೌದಿಲ್ಲೋ?"