ಎಣ್ಣಿ ತೂತು

ಸೋಲಾಪುರದ ಮಂಗಳವಾರ ಪೇಟೆ, ರದ್ದಿ ಅಂಗಡಿ,
ಕಿಲೋ ಲೆಕ್ಕದ ಕಾಮಿಕ್ಸು.
ಒಳಗೆ ಆತ:
ತಲೆ ನಮ್ಮನೆಯ ನೀರು ಕಾಸುವ ಬಂಬು,
ಎದೆಗೆ ಎರಡು ಸಾಲು ಗುಂಡಿ, ಸೊಂಟಕ್ಕೆ ತಗಡಿನ ಲಂಗ,
ಕೈಯೆಂದರೆ ಮೂರು ಬೆರಳಿನ ಇಕ್ಕಳ.
ಕಾಲಿರಬೇಕಾದಲ್ಲಿ ಒಂದೇ ಚಕ್ರ.
ಮುಂದಿನ ಪುಟಕ್ಕೆ ಚಿತ್ರಕಾರ ಅದನ್ನು ಮರೆತು
ಎರಡು ಕಾಲು ಕೊಟ್ಟುಬಿಟ್ಟಿದ್ದ.
ಬಾಯಿಯ ರೇಡಿಯೊ ಜಾಲರಿಯಿಂದ
ಓಣಿಯಲ್ಲಿ ಯಾರೂ ಆಡದಂಥ ಪುಸ್ತಕದ ಮರಾಠಿ.

ಕಾಶಿರಾಯ ಮಾವ ಗಿರಣಿಯ ಫಿಟ್ಟರ್.
ರಾತ್ರಿ ಪಾಳಿ ಮುಗಿಸಿ ಬಂದವನು
ಕೂದಲಲ್ಲಿ ಹತ್ತಿ ಹಾಗೇ ಇಟ್ಟುಕೊಂಡು
ಪುಟವನ್ನು ಬಾಗಿಲ ಬೆಳಕಿಗೆ ಹಿಡಿದ.
"ಇದನ್ನ ಬರದಾಂವ ಒಂದ ಬೋಲ್ಟ್ ಬಿಗದಿಲ್ಲ ನೋಡು.
ಮಣಕಾಲಿಗೆ ಕೀಲ ಇಲ್ಲ. ಕುತಗಿ ತಿರಗಿದ್ರ ವಾಯರ್ ಹರೀತದ.
ಎಣ್ಣಿ ಎಲ್ಲಿ ಬಿಡೂದು?"

ನನಗೆ ಅಳುವೇ ಬಂತು.
ಗುರುಗ್ರಹದ ರಾಣಿಯನ್ನು ಹೊತ್ತೊಯ್ದವ ಅವನು,
ಎಣ್ಣೆಯಂತೆ!

ಮಾವ ಕಿವಿಯ ಮೇಲಿನ ಪೆನ್ಸಿಲ್ಲನ್ನು
ಮೂರು ಬೆರಳಲ್ಲಿ ಹಿಡಿದ
(ಉಳಿದೆರಡು ಮಗ್ಗದ ಖಾತೆಗೆ ಜಮೆ),
ಮೊಣಕಾಲಿಗೆ, ಮೊಣಕೈಗೆ, ಕುತ್ತಿಗೆಗೆ
ಒಂದೊಂದು ತೂತು ಕೊರೆದ.
ಬೆನ್ನಿಗೆ ಪುಟ್ಟ ಬಾಗಿಲು, ಬಾಗಿಲಿಗೆ ತಿರುಪು.
ಆಮೇಲೆ ಸುಮ್ಮನೆ ನೋಡುತ್ತ ಕೂತ.
ಚಹಾ ಆರಿತು.
ಅವನ ಹಿಂದೆ ಒಂದು ಸ್ಟೂಲು ಬರೆದ.

"ಪಾಳಿ ಮುಗದಮ್ಯಾಲ ಎಲ್ಲಿ ಕುಂಡ್ರತಾನ ಅಂವ?"

ಗಿರಣಿ ಮುಚ್ಚಿತು. ಚಿಮಣಿ ಬೀಳಿಸಿದರು.
ಇಂಕು ಮಾಸಿ ರಾಣಿಯ ಮುಖವೂ ಹೋಗಿದೆ.
ಪೆನ್ಸಿಲ್ಲಿನ ಸ್ಟೂಲು ಮಾತ್ರ ಅಲ್ಲೇ ಇದೆ,
ಎರಡು ಬೆರಳು ಹಿಂದೆ.
ಆತ ಇನ್ನೂ ಕೂತಿಲ್ಲ.