ಹಿಪೊಲಿತನ ಕೆಂಪು

ಎಳೆಗೂಸನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ
ಗೋಣಿ ಸುತ್ತಿ ತಂದ.
ಬೈಕೆಲ್ಲಿ ಅಂದೆ.
ಅದಿನ್ನೂ ಎದ್ದಿಲ್ಲ, ಮೊದಲು ಇದಾಗಲಿ ಅಂದ.

ಯೂನಾಕ್ ಬೈಕಿನ ಪೆಟ್ರೋಲ್ ಟ್ಯಾಂಕು.
ಇದೇ ಶ್ಚೆಚಿನ್ ಊರಲ್ಲಿ ಹುಟ್ಟಿದ್ದು.
ಅದನ್ನು ಹೆತ್ತ ಕಾರ್ಖಾನೆ ನಿಂತು
ನನಗೆಷ್ಟು ವಯಸ್ಸೋ ಅಷ್ಟು ವರ್ಷ.

ಮುಚ್ಚಳ ತಿರುಚಿ ಮೂಗಿಟ್ಟೆ:
ಅರಗು ಸುಟ್ಟಂಥ ವಾಸನೆ.
ಅಲ್ಲಾಡಿಸಿದೆ: ಒಳಗೆ ಒಣ ತುಕ್ಕು
ಬೀಜ ಬಲಿತ ಕಾಯಿಯ ಹಾಗೆ ಗಲಗಲ.

ಯಾವ ಬಣ್ಣ?
ಇದ್ದ ಬಣ್ಣ.
ಇದ್ದದ್ದು ಯಾವುದು?
ಕೆಂಪು. ಚೆರ್ರಿ ಹಣ್ಣು ಕೊಯ್ಯುವುದು ಮರೆತು
ಇನ್ನೊಂದು ದಿನ ಮರದಲ್ಲೇ ಉಳಿದರೆ ಆಗುತ್ತದಲ್ಲ, ಆ ಕೆಂಪು.

ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಬಣ್ಣ ಬಳಿದವಳು ನಾನು.
ಹಡಗಿಗೊಂದು ನಂಬರು, ಡಬ್ಬಕ್ಕೊಂದು ನಂಬರು.
ಮರೆತ ಚೆರ್ರಿಗೆ ನಂಬರು ಎಲ್ಲಿಂದ ತರಲಿ?

ಮೊದಲು ಹೊಟ್ಟೆ ತೊಳೆಯಬೇಕು.
ಒಂದು ಹಿಡಿ ನಟ್ಟು, ಎರಡು ಬಾಟಲಿ ವಿನಿಗರ್,
ಮೇಲೆ ಹಳೆ ರಜಾಯಿ ಸುತ್ತಿ, ಹಗ್ಗ ಬಿಗಿದು,
ಪಕ್ಕದ ಗ್ಯಾರೇಜಿನ ಬೊನಿಫಾತ್ಸಿಯ
ಕಾಂಕ್ರೀಟು ಮಿಕ್ಸರಿನೊಳಗೆ ಕೂರಿಸಿದೆ.
ಮಧ್ಯಾಹ್ನವಿಡೀ ತಿರುಗಿತು.
ಓಣಿಯ ನಾಯಿಗಳು ಬೊಗಳಿ ಬೊಗಳಿ ಸೋತು ಮಲಗಿದವು.
ಬಗ್ಗಿಸಿದರೆ ಮೂರು ದಿನ ಕುದಿಸಿದ ಚಹಾದಂಥದ್ದು
ಗಳಗಳ ಸುರಿದು ಮೋರಿ ಸೇರಿತು.

ಆಮೇಲೆ ಚರ್ಮ.
ಎಲ್ಲಕ್ಕೂ ಮೇಲೆ ಕಪ್ಪು,
ಅವನ ಅಳಿಯ ಗೋಡೆಯ ಬ್ರಷ್ಷಿನಲ್ಲಿ ಎಳೆದದ್ದು;
ಬ್ರಷ್ಷಿನ ಎರಡು ಕೂದಲು ಇನ್ನೂ ಅಲ್ಲೇ ಅಂಟಿವೆ.
ಅದರಡಿ ಸೈನ್ಯದ ಹಸಿರು.
ಅದರಡಿ ನೀಲಿ, ಬೊಕ್ಕೆ ಎದ್ದ ನೀಲಿ.
ಅದರಡಿ, ಬಲಗಡೆ, ಹೆಬ್ಬೆರಳು ದಪ್ಪದ ಲಪ್ಪ.
ಕಿತ್ತರೆ ಒಂದು ತಗ್ಗು:
ಅರ್ಧ ಬಟ್ಟಲಿನಷ್ಟು, ನುಣುಪಾಗಿ.

ಫೋನು ಮಾಡಿದೆ. ಒಂದು ತಗ್ಗು ಸಿಕ್ಕಿದೆ.
ಆ ಕಡೆ ಬಹಳ ಹೊತ್ತು ಬರೀ ಉಸಿರು.
ಅದಿರಲಿ ಅಂದ.

ಗುರುವಾರ ಅವನ ತಂಗಿ ಸಬೀನಾ ಬಂದಳು,
ಕೈಯಲ್ಲಿ ಅಣಬೆ ಉಪ್ಪಿನಕಾಯಿಯ ಭರಣಿ.
ಕೆಂಪಾ? ಯಾರು ಹೇಳಿದ್ದು?
ಮೂರು ಬೇಸಿಗೆ ಹಿಂದೆ ಕೂತವಳು ನಾನು.
ಬರ್ಚ್ ಮರಗಳ ದಾರಿ, ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆ.
ಹಸಿರು. ಬರೆದುಕೊಳ್ಳಿ, ಹಸಿರು.

ಉಳಿದದ್ದು ಲಾಂಛನ ಒಂದೇ.
ಅದರ ಸ್ಕ್ರೂ ಎರಡು ದಿನ ಎಣ್ಣೆ ಕುಡಿದು
ಮೂರನೆಯ ದಿನ ಕೀರಲು ದನಿಯಲ್ಲಿ ಒಪ್ಪಿಕೊಂಡಿತು.
ತಗಡು ಎತ್ತಿದೆ.
ಬಿಸಿಲು ಕಾಣದ ಎರಡು ಬೆರಳಗಲ ಜಾಗ,
ಹುಟ್ಟಿದ ದಿನದ ಮೈ:
ಕಪ್ಪು.
ಕೆಂಪೂ ಅಲ್ಲ, ಹಸಿರೂ ಅಲ್ಲ, ತಳತಳ ಕಪ್ಪು.
ಮೂರು ಪದರ ಕೆರೆದು, ಉಗುರು ಸವೆಸಿ,
ಆ ದಡ್ಡ ಅಳಿಯನ ಬಣ್ಣಕ್ಕೇ ಬಂದು ನಿಂತಿದ್ದೆ.

ಬಂದ. ಕನ್ನಡಕ ಹಣೆಗೇರಿಸಿ,
ಮೂಗು ತಾಗುವಷ್ಟು ಬಗ್ಗಿ ನೋಡಿದ.
ಕಾರ್ಖಾನೆಯವರಿಗೇನು ಗೊತ್ತು ಅಂದ.
ಸ್ಟೂಲು ಎಳೆದು ಕೂತ.
ಓದ್ರಾ ನದಿಯ ಕಟ್ಟೆ ಮೇಲೆ ನಿಲ್ಲಿಸಿದ್ದೆ, ಆಗಷ್ಟೇ ಒರೆಸಿ.
ಅವಳು ಬಂದಳು, ಹೊಸ ಕೋಟು.
ಟ್ಯಾಂಕಿನ ಮೇಲೆ ಬಗ್ಗಿ ಕೂದಲು ಸರಿಮಾಡಿಕೊಂಡಳು.
ಕೋಟು ಯಾವ ಬಣ್ಣ ಎಂದು ನಾನು ಕೇಳಲಿಲ್ಲ.

ನವೆಂಬರಿನ ಥಂಡಿಗೆ ಬಣ್ಣ ಬೆವರುತ್ತದೆ.
ದೀಪ ಇಳಿಬಿಟ್ಟು ಕಾಯಿಸಿ,
ಒಂದು ಕೋಟು, ನೀರು ಹಾಕಿ ಉಜ್ಜು,
ಇನ್ನೊಂದು ಕೋಟು, ಮತ್ತೆ ಉಜ್ಜು,
ಬೆರಳ ಗುರುತು ಅಳಿಸಿ ಹೋಗುವ ತನಕ ಉಜ್ಜು.
ತಗ್ಗನ್ನು ತುಂಬಲಿಲ್ಲ. ಕಪ್ಪು ಅದರೊಳಗೂ ಇಳಿಯಿತು.
ಇಣುಕಿದರೆ ಅಲ್ಲಿ ನಾನು ಚಿಕ್ಕದಾಗಿ,
ತಲೆಕೆಳಗಾಗಿ, ಕೈಯಲ್ಲಿ ಬಟ್ಟೆ ಹಿಡಿದು.

ಶನಿವಾರ ಬಂದು ಬೆಳಕಿಗೆ ಹಿಡಿದ.
ಆಕಾಶ ಬಂತು, ಗ್ಯಾರೇಜುಗಳ ಸಾಲು ಬಂತು,
ಅವನ ನೆರೆತ ಗಡ್ಡ ಬಂತು.
ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದ.
ತೋಳಿನಿಂದ ಒಮ್ಮೆ ಒರೆಸಿದ.
ದುಡ್ಡು ಎರಡು ಸಲ ಎಣಿಸಿ ಕೊಟ್ಟು
ಗೋಣಿ ಸುತ್ತಿಕೊಂಡು
ಬಾಗಿಲಲ್ಲಿ ತಿರುಗಿ ನಿಂತ:

ಕೆಂಪೇ ಇತ್ತು.

ಇತ್ತು ಅಂದೆ.